ಬೆಳೆಹಬ್ಬದ ಸಂಚಿಕೆಗೆ ಎರಡು ಪೇಜ್ ಚರಿತ್ರೆ

ಚಿಕ್ಕಮ್ಮನ ಫೋನ್ ಬಂದದ್ದು ಭಾನುವಾರ ಮಧ್ಯಾಹ್ನ, ಊಟ ಆಗಿ ಸ್ವಲ್ಪ ಅಡ್ಡ ಬೀಳುವ ಅಂತ ಹೋಗುವಾಗ. ಈ ಸಲ ಬೆಳೆಹಬ್ಬಕ್ಕೆ (ಬೆಳೆದದ್ದನ್ನ ಚರ್ಚಿಗೆ ತಂದು ಕೊಟ್ಟು ಏಲ ಹಾಕುವ ಹಬ್ಬ) ಸಭೆಯಿಂದ, ಅಂದ್ರೆ ನಮ್ಮ ಊರಿನ ಚರ್ಚಿನವರಿಂದ, ಒಂದು ಸ್ಮರಣ ಸಂಚಿಕೆ ತರ್ತಾರಂತೆ, ಜಾಹೀರಾತೆಲ್ಲ ಸಿಕ್ಕಿ ಆಗಿದೆಯಂತೆ, ಒಳಗೆ ಹಾಕ್ಲಿಕ್ಕೆ ಮಾತ್ರ ಏನೂ ಇಲ್ಲವಂತೆ. "ನೀನು ಬೆಂಗಳೂರಲ್ಲಿ ಕೂತ್ಕೊಂಡು ಏನೇನೋ ಬರೀತಾ ಇರ್ತಿಯಲ್ಲ, ನಮ್ಮ ಸಭೆದ್ದೊಂದು ಎರಡು ಪೇಜ್ ಚರಿತ್ರೆ ಬರೆದು ಕಳಿಸು, ಬುಧವಾರದ ಒಳಗೆ ಆಗ್ಬೇಕು" ಅಂದ್ರು. ಎರಡು ಪೇಜ್ ಅಲ್ವಾ, ಅದೇನು ಮಹಾ, ನಂಗೆ ಬಾಯಿಪಾಠ ಉಂಟು ಅಂತ ಒಪ್ಪಿಕೊಂಡೆ.

ಬಾಯಿಪಾಠ ಅಂದ್ರೆ ನಿಜವಾಗಿಯೂ ಬಾಯಿಪಾಠವೇ. ಸಂಡೇ ಸ್ಕೂಲಲ್ಲಿ ವರ್ಷಕ್ಕೊಂದು ಸಲ ಕ್ವಿಜ್ ಇರ್ತಿತ್ತು, ಅದರಲ್ಲಿ ಯಾವಾಗ್ಲೂ ಅದೇ ಪ್ರಶ್ನೆಗಳು. ನಮ್ಮ ಸಭೆಯನ್ನ ಕಟ್ಟಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸ್ಥಾಪನೆ ಆದದ್ದು ಯಾವಾಗ, 1815. ಮಂಗಳೂರಿಗೆ ಬಂದ ಮೊದಲ ಮೂವರು ಮಿಷನರಿಗಳು ಯಾರು, ಹೆಬಿಕ್, ಲೇನರ್, ಗ್ರೈನರ್, 1834ರ ಅಕ್ಟೋಬರ್ 30. ಮೊದಲ ಕನ್ನಡ ಪತ್ರಿಕೆ, ಮಂಗಳೂರ ಸಮಾಚಾರ, ಮೋಗ್ಲಿಂಗ್, 1843ರ ಜುಲೈ 1. ಡಿಕ್ಷನರಿ, ಕಿಟೆಲ್, 1894. ಹೆಂಚಿನ ಕಾರ್ಖಾನೆ, ಪ್ಲೆಬ್ಸ್ಟ್, 1865. ಹೀಗೆ ಒಂದರ ಹಿಂದೆ ಒಂದು. ನಾನು ಅರ್ಧ ಗಂಟೆಯಲ್ಲಿ ಎಲ್ಲ ಜೋಡಿಸಿ ಟೈಪ್ ಮಾಡಿ, ಕೊನೆಗೆ 'ಹೀಗೆ ನಮ್ಮ ಸಭೆಯು ಬೆಳೆದು ಬಂದಿದೆ' ಅಂತ ಒಂದು ವಾಕ್ಯ ಸಿಕ್ಕಿಸಿ, ಕಳಿಸುವ ಮುಂಚೆ ಸುಮ್ಮನೆ ಒಂದು ಸಲ ಓದಿದೆ. ಆಗ ಗೊತ್ತಾಯ್ತು ನೋಡಿ. ಇಡೀ ಎರಡು ಪೇಜಲ್ಲಿ ನಮ್ಮವರು ಒಬ್ಬರೇ ಒಬ್ಬರು, ಆನಂದರಾವ್ ಕೌಂಡಿನ್ಯ. ಉಳಿದವರೆಲ್ಲ ಗಡ್ಡದ ದೊರೆಗಳು. ಹೆಂಗಸರು ಒಬ್ಬರೂ ಇಲ್ಲ. ನನ್ನದೇ ಸಭೆಯ ಚರಿತ್ರೆಯಲ್ಲಿ ನನ್ನ ಅಜ್ಜಿ ಕೂತ್ಕೊಳ್ಳಿಕ್ಕೆ ಒಂದು ಬೆಂಚು ಕೂಡ ಇಲ್ಲ.

ಸ್ವಲ್ಪ ಹಿಂದೆ ಹೋಗ್ತೇನೆ, ಹೊರಗಿನವರಿಗೆ ನಾವು ಯಾರು ಅಂತಲೇ ಗೊತ್ತಿರುವುದಿಲ್ಲ. ಮಂಗಳೂರು ಕ್ರಿಶ್ಚಿಯನ್ ಅಂದ ಕೂಡ್ಲೇ "ಓ ನೀವು ಮನೇಲಿ ಕೊಂಕಣಿನಾ" ಅಂತ ಕೇಳ್ತಾರೆ. ಇಲ್ಲ ಮಾರಾಯ್ರೆ, ಕೊಂಕಣಿ ಮಾತಾಡುವವರು ಕೆಥೊಲಿಕ್‌ನವರು, ಅವರು ಗೋವಾದ ಕಡೆಯಿಂದ ಬಂದವರು, ಅವರ ಚರಿತ್ರೆ ನಮ್ಮದಕ್ಕಿಂತ ತುಂಬಾ ಹಳೇದು, ಟಿಪ್ಪು ಅವರನ್ನೆಲ್ಲ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದೇ 1784ರಲ್ಲಿ, ಆಗ ನಮ್ಮ ಸಭೆ ಅನ್ನುವುದು ಇರ್ಲೇ ಇಲ್ಲ. ನಾವು ಬಾಸೆಲ್ ಮಿಷನ್‌ನವರು, ಪ್ರೊಟೆಸ್ಟೆಂಟರು, ಈಗ ಸಿಎಸ್‌ಐ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ. ಮನೆಯಲ್ಲಿ ತುಳು, ಇಗರ್ಜಿಯಲ್ಲಿ ಕನ್ನಡ. ಸೋನ್ಸ್, ಅಮ್ಮನ್ನ, ಸಾಲಿನ್ಸ್, ಜತ್ತನ್ನ ಅಂತೆಲ್ಲ ಸರ್‌ನೇಮ್ ಕೇಳಿದ್ರೆ ಊರಲ್ಲಿ ತಕ್ಷಣ ಗೊತ್ತಾಗ್ತದೆ. ಬೆಂಗಳೂರಲ್ಲಿ ಮಾತ್ರ ಯಾವ ರಾಜ್ಯದವರು ಅಂತ ಕೇಳ್ತಾರೆ.

ಇದಕ್ಕೆಲ್ಲ ತಾಯಿಬೇರು ಮಂಗಳೂರಿನ ಬಲ್ಮಠ. ಗುಡ್ಡದ ಮೇಲೆ ಶಾಂತಿ ಇಗರ್ಜಿ, ಈಗ ಕೆಥೆಡ್ರಲ್, 1862ರದ್ದು. ಪಕ್ಕದಲ್ಲೇ ಥಿಯಲಾಜಿಕಲ್ ಕಾಲೇಜು. ನಮ್ಮದು ಆ ಮರದ ಒಂದು ಸಣ್ಣ ಕೊಂಬೆ, ಎಲ್ಲಿಯದ್ದು ಅಂತ ಇಲ್ಲಿ ಹೇಳುವುದಿಲ್ಲ, ಚಿಕ್ಕಮ್ಮನಿಗೆ ಕಮಿಟಿಯಲ್ಲಿ ತೊಂದರೆ ಬೇಡ.

ಸರಿ, ಆ ಮೂವರು 1834ರಲ್ಲೇ ಯಾಕೆ ಬಂದ್ರು ಅಂತ ನಂಗೆ ಸಂಡೇ ಸ್ಕೂಲಲ್ಲಿ ಯಾರೂ ಹೇಳಿರ್ಲಿಲ್ಲ. ಅದಕ್ಕೆ ಕಾರಣ ಒಂದು ಕಾನೂನು. 1833ರ ಚಾರ್ಟರ್ ಆಕ್ಟ್ ಬಂದ ಮೇಲೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಕಂಪನಿ ಸರಕಾರದ ಊರುಗಳಲ್ಲಿ ಬಂದು ಕೂರ್ಲಿಕ್ಕೆ ದಾರಿ ಆಯ್ತು, ಮರುವರ್ಷವೇ ಬಾಸೆಲ್‌ನವರು ಹಡಗು ಹತ್ತಿದ್ರು. ಬಂದವರಿಗೆ ಭಾಷೆ ಬರುವುದಿಲ್ಲ, ಸೆಖೆ ತಡೀಲಿಕ್ಕೆ ಆಗುವುದಿಲ್ಲ, ಮಳೆ ಶುರುವಾದ್ರೆ ನಾಲ್ಕು ತಿಂಗಳು ನಿಲ್ಲುವುದಿಲ್ಲ. ಮೊದಲ ವರ್ಷಗಳಲ್ಲಿ ಸಭೆಗೆ ಸೇರಿದವರನ್ನ ಬೆರಳಲ್ಲಿ ಲೆಕ್ಕ ಮಾಡ್ಬಹುದಿತ್ತು. ಶಾಲೆ ತೆರೆದ್ರು, 1841ರಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದ್ರು, ಮೋಗ್ಲಿಂಗ್ ಪತ್ರಿಕೆ ತೆಗೆದ್ರು. ಪತ್ರಿಕೆ ಒಂದು ವರ್ಷವೂ ಮಂಗಳೂರಲ್ಲಿ ನಿಲ್ಲದೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯ್ತು, ಆದ್ರೂ ಇವತ್ತಿಗೂ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ ಅಂತ ಎಲ್ಲ ಕಡೆ ಭಾಷಣ ಉಂಟು. ಅದೇ ಮೋಗ್ಲಿಂಗ್ ದಾಸರ ಪದಗಳು, ಬಸವಪುರಾಣ, ಜೈಮಿನಿ ಭಾರತ ಎಲ್ಲ ಅಚ್ಚು ಹಾಕಿಸಿದ್ದು ನೋಡಿದ್ರೆ ಮನುಷ್ಯ ಬಂದದ್ದು ಯಾವ ಕೆಲಸಕ್ಕೆ, ಮಾಡಿದ್ದು ಯಾವ ಕೆಲಸ ಅಂತ ನಗು ಬರ್ತದೆ. ಜರ್ಮನಿಯಿಂದ ಧರ್ಮ ಹೇಳ್ಲಿಕ್ಕೆ ಬಂದವ ಪುರಂದರದಾಸರ ಪದ ಅಚ್ಚು ಮಾಡ್ತಾ ಕೂತ. ನನಗಂತೂ ಅವನ ಬಗ್ಗೆ ಇದೇ ಕಾರಣಕ್ಕೆ ಪ್ರೀತಿ ಜಾಸ್ತಿ.

1844ರ ಜನವರಿಯಲ್ಲಿ ದೊಡ್ಡ ಗಲಾಟೆ ಆಯ್ತು. ಮಿಷನ್ ಶಾಲೆಯ ಮೂರು ಬ್ರಾಹ್ಮಣ ಹುಡುಗರು ದೀಕ್ಷಾಸ್ನಾನ (ಬ್ಯಾಪ್ಟಿಸಂ) ತಗೊಂಡ್ರು, ಅದರಲ್ಲಿ ಒಬ್ಬ ಆನಂದರಾವ್ ಕೌಂಡಿನ್ಯ. ಊರಿಗೆ ಊರೇ ಎದ್ದು ನಿಂತಿತು. ಮುಂದೆ ಅವ ಬಾಸೆಲ್‌ಗೇ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದ, ಕೊಡಗಿನ ಆನಂದಪುರಕ್ಕೆ ಆ ಹೆಸರು ಬಂದದ್ದೂ ಅವನಿಂದಲೇ ಅಂತಾರೆ. ಎಲ್ಲ ಪುಸ್ತಕದಲ್ಲೂ ಈ ಕಥೆ ಇರ್ತದೆ ಯಾಕಂದ್ರೆ ಬ್ರಾಹ್ಮಣ ಹುಡುಗ ಸೇರಿದ್ದು ಸುದ್ದಿ. ಆದ್ರೆ ಸಭೆ ಬೆಳೆದದ್ದು ಬ್ರಾಹ್ಮಣರಿಂದ ಅಲ್ಲ. ಮೂಲ್ಕಿ, ಉಡುಪಿ ಕಡೆ ಹಳ್ಳಿಗಳಿಂದ ಬಂದು ಸೇರಿದವರಲ್ಲಿ ಜಾಸ್ತಿ ಬಿಲ್ಲವರು. ನಾವೂ ಅವರೇ. ಅದನ್ನ ನಮ್ಮ ದೊಡ್ಡಪ್ಪ ಇವತ್ತಿಗೂ ಬಾಯಿ ಬಿಟ್ಟು ಹೇಳುವುದಿಲ್ಲ, "ಎಲ್ಲ ಒಂದೇ ಅಲ್ವಾ ಈಗ" ಅಂತ ಮಾತು ತೇಲಿಸಿ ಬಿಡ್ತಾರೆ, ಮದುವೆ ಸಂಬಂಧ ನೋಡುವಾಗ ಮಾತ್ರ ಎಲ್ಲ ಒಂದೇ ಆಗಿರುವುದಿಲ್ಲ, ಅದು ಬೇರೆ ವಿಷಯ.

ಇಲ್ಲಿಂದ ಮುಂದೆ ನನ್ನ ಎರಡು ಪೇಜಲ್ಲಿ ಇರದೇ ಇದ್ದ ಚರಿತ್ರೆ.

ಬಿಲ್ಲವರ ಒಂದು ಮುಖ್ಯ ಕಸುಬು ಅಂದ್ರೆ ಮೂರ್ತೆ, ಅಂದ್ರೆ ಶೇಂದಿ ಇಳಿಸುವುದು. ಮಿಷನ್‌ನವರು ಕುಡಿತಕ್ಕೆ ಕಟ್ಟಾ ವಿರೋಧ. ಹಾಗಾಗಿ ಸಭೆಗೆ ಸೇರುವವ ಮರ ಹತ್ತುವುದನ್ನ ಬಿಡ್ಬೇಕು. ಗೇಣಿಗೆ ಗದ್ದೆ ಮಾಡುವವನಾದ್ರೆ ಧಣಿಗಳು ಬಿಡಿಸಿದ್ರೆ ಮುಗಿಯಿತು, ಮನೆ ಇರುವುದೂ ಅವರ ಜಾಗದಲ್ಲೇ. ಇದರ ಮೇಲೆ ಅಳಿಯಸಂತಾನ ಬೇರೆ. ಹೊರಗಿನವರಿಗೆ ಇದು ಅರ್ಥ ಆಗುವುದು ಸ್ವಲ್ಪ ಕಷ್ಟ, ನಮ್ಮಲ್ಲಿ ಆಸ್ತಿ ಹೋಗ್ತಿದ್ದದ್ದು ಅಪ್ಪನಿಂದ ಮಗನಿಗೆ ಅಲ್ಲ, ಮಾವನಿಂದ ಅಳಿಯನಿಗೆ, ಅಂದ್ರೆ ಅಕ್ಕತಂಗಿಯ ಮಗನಿಗೆ, ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಒಬ್ಬ ಗಂಡಸು ಒಬ್ಬನೇ ಹೋಗಿ ಕ್ರಿಶ್ಚಿಯನ್ ಆದ ಅಂತ ಇಟ್ಟುಕೊಳ್ಳಿ. ಮಾವನ ಕಡೆಯಿಂದ ಬರುವುದು ನಿಂತಿತು. ಹೆಂಡತಿ ಮಕ್ಕಳನ್ನ ಅವಳ ಅಣ್ಣಂದಿರು 'ಇವರು ನಮ್ಮ ಕುಟುಂಬ' ಅಂತ ಕರ್ಕೊಂಡು ಹೋದ್ರೆ ಇವ ಯಾವ ಬಾಯಲ್ಲಿ ಬೇಡ ಅನ್ನುವುದು. ಅಂದ್ರೆ ಒಂದು ಸಲ ತಲೆ ಮೇಲೆ ನೀರು ಬಿದ್ದದ್ದಕ್ಕೆ ಕೆಲಸ, ಗದ್ದೆ, ಮನೆ, ಕುಟುಂಬ ಎಲ್ಲ ಹೋಗುವ ಲೆಕ್ಕ. ಅನ್ನಕ್ಕೋಸ್ಕರ ಸೇರಿದವರು ಅಂತ ಈಗ ಫೇಸ್‌ಬುಕ್ಕಲ್ಲಿ ಬರೀತಾರಲ್ಲ, ಅವರಿಗೆ ನಾನು ಇದನ್ನ ಹೇಳ್ಬೇಕು ಅಂತ ಇರ್ತೇನೆ, ಆಮೇಲೆ ಯಾರಿಗೆ ಬೇಕು ಆ ತಲೆನೋವು ಅಂತ ಬಿಟ್ಟುಬಿಡ್ತೇನೆ.

ಈಗ ಮಿಷನ್‌ಗೆ ತಲೆಬಿಸಿ ಶುರು. ಇಷ್ಟು ಜನರನ್ನ ಸೇರಿಸಿಕೊಂಡದ್ದಾಯ್ತು, ಇವರಿಗೆ ಕೆಲಸ ಎಲ್ಲಿಂದ ತರುವುದು. ಬೇಸಾಯ ಮಾಡಿಸಿ ನೋಡಿದ್ರು, ಗಡಿಯಾರ ರಿಪೇರಿ ಕಲಿಸಿ ನೋಡಿದ್ರು (ಮಿಷನ್ ಸ್ವಿಸ್ ದೇಶದ್ದು, ಗಡಿಯಾರ ಬಿಟ್ಟು ಇನ್ನೆಂತ ನೆನಪಾಗ್ಬೇಕು, ಆದ್ರೆ ಆಗಿನ ಕಾಲದ ಮಂಗಳೂರಲ್ಲಿ ಗಡಿಯಾರ ಎಷ್ಟು ಜನರ ಹತ್ತಿರ ಇತ್ತೋ). ಯಾವುದೂ ಸರಿಯಾಗಿ ಕೈ ಹಿಡೀಲಿಲ್ಲ. 1851ರಲ್ಲಿ ನೇಯ್ಗೆ ಗೊತ್ತಿದ್ದ ಹಾಲರ್ ಬಂದ ಮೇಲೆ ಬಲ್ಮಠದಲ್ಲಿ ಮಗ್ಗ ಶುರುವಾಯ್ತು. ಖಾಕಿ ಬಟ್ಟೆ ಅನ್ನುವುದನ್ನ ಪ್ರಪಂಚಕ್ಕೆ ಕೊಟ್ಟದ್ದೇ ನಾವು ಅಂತ ನಮ್ಮವರು ಎದೆ ತಟ್ಟಿ ಹೇಳ್ತಾರೆ, ಸ್ಮರಣ ಸಂಚಿಕೆಗೂ ಅದನ್ನ ದಪ್ಪ ಅಕ್ಷರದಲ್ಲಿ ಹಾಕ್ಬೇಕಂತ ಚಿಕ್ಕಮ್ಮನ ಆರ್ಡರ್ ಇತ್ತು. ಬಲ್ಮಠದಲ್ಲಿ ಖಾಕಿ ಬಣ್ಣದ ಬಟ್ಟೆ ಮಾಡಿದ್ದು ಹೌದು. ಆದ್ರೆ ಪಂಜಾಬಿನಲ್ಲಿ ಬ್ರಿಟಿಷರ ಗೈಡ್ಸ್ ಅನ್ನುವ ಸೈನ್ಯದ ಪಡೆಯವರು 1840ರ ದಶಕದಲ್ಲೇ ಖಾಕಿ ಹಾಕ್ತಿದ್ರು, ಹಾಗಾಗಿ ಪ್ರಪಂಚದಲ್ಲೇ ಮೊದಲು ಅಂತ ನಾನು ಬರೆಯುವುದಿಲ್ಲ ಅಂದೆ. ಚಿಕ್ಕಮ್ಮ ಎರಡು ದಿನ ಫೋನ್ ಮಾಡ್ಲಿಲ್ಲ.

ಹೆಂಚಿನ ವಿಷಯದಲ್ಲಿ ಮಾತ್ರ ಎದೆ ತಟ್ಟಿಕೊಳ್ಬಹುದು. ಪ್ಲೆಬ್ಸ್ಟ್ ಅನ್ನುವವ ಬಂದದ್ದು ಪ್ರೆಸ್ಸಿನ ಕೆಲಸಕ್ಕೆ, ಮೆಕ್ಯಾನಿಕ್ ಮನುಷ್ಯ, ಕನ್ನಡ ಅಚ್ಚುಮೊಳೆಗಳನ್ನ ತಂದು ಕೂರಿಸಿದವ. ಅವನಿಗೆ ನೇತ್ರಾವತಿ ದಂಡೆಯ ಜೇಡಿಮಣ್ಣು ಕಣ್ಣಿಗೆ ಬಿತ್ತು. 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ. ಹೊಳೆಯಲ್ಲಿ ದೋಣಿಯಲ್ಲೇ ಮಣ್ಣು ಬರ್ತದೆ, ಸೌದೆಯೂ ಬರ್ತದೆ, ತಯಾರಾದ ಹೆಂಚೂ ದೋಣಿಯಲ್ಲೇ ಬಂದರಿಗೆ ಹೋಗ್ತದೆ. ಅದಕ್ಕಿಂತ ಮುಂಚೆ ನಮ್ಮ ಕಡೆ ಜಾಸ್ತಿ ಮನೆಗಳಿಗೆ ಮುಳಿಹುಲ್ಲಿನ ಮಾಡು, ಬೇಸಗೆಯಲ್ಲಿ ಒಂದು ಕಿಡಿ ಬಿದ್ರೆ ಮುಗೀತು. ಮೂರು ವರ್ಷ ಆಗುವಷ್ಟರಲ್ಲಿ ಆಲ್ಬುಕರ್ಕ್‌ನವರೂ ಶುರು ಮಾಡಿದ್ರು, ಆಮೇಲೆ ಯಾರ್ಯಾರೋ, ಕೊನೆಗೆ ಬಾಸೆಲ್‌ನವರದ್ದೇ ಆಗಲಿ ಬೇರೆಯವರದ್ದೇ ಆಗಲಿ ಎಲ್ಲದಕ್ಕೂ 'ಮಂಗಳೂರು ಹೆಂಚು' ಅಂತಲೇ ಹೆಸರಾಯ್ತು. ಊರಿನ ನಮ್ಮ ಹಳೇ ಮನೆಯ ಹಿಂದೆ ಒಡೆದ ಹೆಂಚಿನ ರಾಶಿ ಉಂಟು, ಅದರಲ್ಲಿ ಒಂದರ ಹಿಂದೆ 1865 ಅಂತ ಒತ್ತಿದ್ದು ಕಾಣ್ತದೆ. ಸಣ್ಣವಳಿರುವಾಗ ನಾನು ಅದು ಆ ಹೆಂಚು ಸುಟ್ಟ ವರ್ಷ ಅಂದುಕೊಂಡು ಶಾಲೆಗೆ ತಗೊಂಡು ಹೋಗಿ ಟೀಚರಿಗೆ ತೋರ್ಸಿದ್ದೆ. ಅದು ಕಾರ್ಖಾನೆ ಶುರುವಾದ ವರ್ಷ ಅಷ್ಟೇ, ಎಲ್ಲ ಹೆಂಚಿನ ಮೇಲೂ ಅದೇ ಇರ್ತಿತ್ತು ಅಂತ ಅಜ್ಜಿ ಆಮೇಲೆ ನಗಾಡಿ ಹೇಳಿದ್ರು.

ಅಜ್ಜಿಗೆ ಗೊತ್ತಿರ್ಲೇಬೇಕು, ಅವರು ಮದುವೆಗೆ ಮುಂಚೆ ಕೆಲಸ ಮಾಡಿದ್ದು ಹೆಂಚಿನ ಕಾರ್ಖಾನೆಯಲ್ಲಿ, ಅವರ ಅಮ್ಮನೂ ಅಲ್ಲೇ. ಮಣ್ಣನ್ನ ರಾಶಿ ಹಾಕಿ ಕೊಳೆಸಿ, ಯಂತ್ರದಲ್ಲಿ ಅರೆದು, ಹಲಗೆ ತರ ಬರುವ ಉಂಡೆಯನ್ನ ಅಚ್ಚಿನಲ್ಲಿ ಇಟ್ಟು ಒತ್ತುವುದು ಗಂಡಸರು. ಅಂಚಿನಲ್ಲಿ ಹೊರಗೆ ಬಂದ ಮಣ್ಣನ್ನ ತಂತಿಯಲ್ಲಿ ಕತ್ತರಿಸಿ, ಒದ್ದೆ ಹೆಂಚನ್ನ ಒಂದಿಷ್ಟೂ ಡೊಂಕಾಗದ ಹಾಗೆ ಎತ್ತಿ ಅಟ್ಟದ ಹಲಗೆ ಮೇಲೆ ಒಣಗ್ಲಿಕ್ಕೆ ಇಡುವುದು, ಒಣಗಿದ್ದನ್ನ ತಲೆ ಮೇಲೆ ಹೊತ್ತು ಭಟ್ಟಿಗೆ ಕೊಂಡುಹೋಗುವುದು ಹೆಂಗಸರು. ಸುಟ್ಟು ಹೊರಗೆ ಬಂದ ಮೇಲೆ ಒಂದೊಂದನ್ನೂ ಬೆರಳಿನ ಗೆಣ್ಣಲ್ಲಿ ಕುಟ್ಟಿ ನೋಡ್ಬೇಕು. 'ಟಣ್' ಅಂದ್ರೆ ಫಸ್ಟ್ ಕ್ಲಾಸ್. 'ಡಬ್' ಅಂದ್ರೆ ಒಳಗೆ ಬಿರುಕು ಉಂಟು, ಪಕ್ಕಕ್ಕೆ. ಈ ಕುಟ್ಟುವ ಅಭ್ಯಾಸ ಅಜ್ಜಿಯ ಕೈ ಬಿಡ್ಲೇ ಇಲ್ಲ. ಮಡಿಕೆ ತಂದ್ರೆ ಕುಟ್ಟುವುದು, ಕಲ್ಲಂಗಡಿ ಕುಟ್ಟುವುದು, ತೆಂಗಿನಕಾಯಿ ಕುಟ್ಟುವುದು, ನಾವು ಪರೀಕ್ಷೆಯಲ್ಲಿ ಕಮ್ಮಿ ಮಾರ್ಕ್ ತಂದ್ರೆ ನಮ್ಮ ತಲೆಗೂ ಒಂದು ಕುಟ್ಟಿ, ಕಿವಿ ಕೊಟ್ಟು ಕೇಳಿ, "ಡಬ್" ಅಂತ ತೀರ್ಪು ಕೊಡುವುದು. ಬೆಳೆಹಬ್ಬದ ಏಲದಲ್ಲಿ ಒಂದು ಬೂದುಗುಂಬಳಕ್ಕೆ ಯಾರೋ ದುಬೈಯಿಂದ ಬಂದವರು ಸಾವಿರದ ಮೇಲೆ ಕೂಗುವಾಗಲೂ ಅಜ್ಜಿ ಎದ್ದು ಹೋಗಿ ಅದನ್ನ ಕುಟ್ಟಿ ನೋಡಿ, ಚಪ್ಪಟೆ ಮೂಗನ್ನ ಇನ್ನೂ ಚಪ್ಪಟೆ ಮಾಡಿಕೊಂಡು ವಾಪಸ್ ಬಂದು ಕೂತಿದ್ದು ನಂಗೆ ನೆನಪುಂಟು. ಆ ಮೂಗು ನಮ್ಮಲ್ಲಿ ಎಲ್ಲರಿಗೂ ಬಂದಿದೆ. ಕನ್ನಡಕ ನಿಲ್ಲುವುದಿಲ್ಲ, ಅದೊಂದು ಸಮಸ್ಯೆ.

ಹಾಗಂತ ಎಲ್ಲ ಚಂದ ಇತ್ತು ಅಂತ ಅಲ್ಲ. ಕಾರ್ಖಾನೆ ಮಿಷನ್‌ನದ್ದು, ಮನೆ ಇರುವ ಕಂಪೌಂಡ್ ಮಿಷನ್‌ನದ್ದು, ಶಾಲೆ ಮಿಷನ್‌ನದ್ದು, ಇಗರ್ಜಿಯಲ್ಲಿ ಪ್ರಸಂಗ ಮಾಡುವವ್ರೂ ಅವರೇ. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಪ್ರಾರ್ಥನೆ. ಕುಡಿದದ್ದು ಗೊತ್ತಾದ್ರೆ, ಭೂತದ ಕೋಲ ನೋಡ್ಲಿಕ್ಕೆ ಹೋದದ್ದು ಗೊತ್ತಾದ್ರೆ ಹಿರಿಯರ ಎದುರು ನಿಲ್ಬೇಕು, ಕರ್ತನ ಭೋಜನಕ್ಕೆ (ಇಗರ್ಜಿಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ಬರ್ಬೇಡ ಅಂತ ಇಡೀ ಸಭೆಗೆ ಗೊತ್ತಾಗುವ ಹಾಗೆ ಹೊರಗೆ ಇಡ್ತಿದ್ರು. ಧಣಿಯ ಜಾಗ ಬಿಟ್ಟು ಬಂದವರಿಗೆ ಇದೊಂದು ಹೊಸ ಧಣಿ ಅಂತ ಅನ್ನಿಸಿರ್ಲಿಕ್ಕಿಲ್ವಾ? ನಂಗಂತೂ ಅನ್ನಿಸ್ತದೆ. ಆದ್ರೆ ಅದೇ ಕಂಪೌಂಡಿನಲ್ಲಿ ಹೆಣ್ಣುಮಕ್ಕಳು ಓದಲು ಕಲಿತರು, ವಾರದ ಕೂಲಿ ಅವರ ಕೈಗೇ ಬಂತು, ಅಜ್ಜಿ ಮದುವೆಗೆ ತನ್ನ ದುಡ್ಡಲ್ಲೇ ಎರಡು ಬಳೆ ಮಾಡಿಸಿಕೊಂಡದ್ದನ್ನ ಸಾಯುವವರೆಗೂ ಹೇಳ್ತಿದ್ರು. ಎರಡೂ ನಿಜ. ಎರಡು ಪೇಜಲ್ಲಿ ಇದನ್ನ ಹೇಗೆ ಬರೆಯುವುದು ಹೇಳಿ.

ಭಾಷೆಯದ್ದೂ ಹೀಗೇ ಒಂದು ವಿಚಿತ್ರ. ಗ್ರೈನರ್‌ನವರು ತುಳು ಕಲಿತು, 1847ರಲ್ಲೇ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಇಡೀ ತುಳುವಿನಲ್ಲಿ ಅಚ್ಚಾಯ್ತು, ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣ ಮಾಡಿದ್ರು, ಮ್ಯಾನರ್ 1886ರಲ್ಲಿ ತುಳು ಡಿಕ್ಷನರಿ. ತುಳುವನ್ನ ಕನ್ನಡ ಲಿಪಿಯಲ್ಲಿ ಬರೆಯುವುದು ಗಟ್ಟಿಯಾದದ್ದು ಈ ಪ್ರೆಸ್ಸಿನಿಂದ. ಇಷ್ಟೆಲ್ಲ ಇದ್ದೂ ನಮ್ಮ ಸಭೆಯಲ್ಲಿ ಆರಾಧನೆ ಕನ್ನಡದಲ್ಲೇ. ಅಜ್ಜಿ ಬೈಬಲ್ ಓದುವುದು ಕನ್ನಡದಲ್ಲಿ, ಪ್ರಾರ್ಥನೆ ಗಟ್ಟಿಯಾಗಿ ಮಾಡುವಾಗ ಕನ್ನಡದಲ್ಲಿ, ಯಾರಿಗೂ ಕೇಳದ ಹಾಗೆ ಮಾಡುವಾಗ ತುಳು. ಹಾಡುಗಳಂತೂ ಶಬ್ದ ಕನ್ನಡ, ರಾಗ ಜರ್ಮನ್, ಎಳೆದು ಎಳೆದು ಹಾಡುವ ಶ್ರುತಿ ಮಾತ್ರ ನಮ್ಮದು.

1914ರಲ್ಲಿ ಯುದ್ಧ ಶುರುವಾಯ್ತು. ಮಿಷನರಿಗಳಲ್ಲಿ ಜರ್ಮನ್‌ನವರು ಬ್ರಿಟಿಷರಿಗೆ ಒಂದೇ ದಿನದಲ್ಲಿ ಶತ್ರುಗಳಾದ್ರು, ಅವರನ್ನ ಹಿಡಿದು ಅಹ್ಮದ್‌ನಗರದ ಕ್ಯಾಂಪಿಗೆ ಹಾಕಿ ಆಮೇಲೆ ಊರಿಗೆ ಕಳಿಸಿಬಿಟ್ರು. ಕಾರ್ಖಾನೆಗಳೆಲ್ಲ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಗೆ ಹೋಯ್ತು. ಅಜ್ಜಿ ಕೆಲಸ ಮಾಡುವ ಕಾಲಕ್ಕೆ ಅದೇ ಟ್ರಸ್ಟು, ಆದ್ರೂ ಬಾಯಲ್ಲಿ ಯಾವಾಗಲೂ 'ಮಿಷನ್ ಫೆಕ್ಟ್ರಿ' ಅಂತಲೇ. ಆ ಯುದ್ಧದ ವರ್ಷಗಳಲ್ಲಿ ಸಭೆಗಳನ್ನ ನಡೆಸಿದವರು ಯಾರು, ಭಾನುವಾರ ಬಾಗಿಲು ತೆರೆದವರು ಯಾರು ಅಂತ ಕೇಳಿದ್ರೆ ನಮ್ಮವರೇ, ನಮ್ಮ ಊರಿನ ಪಾದ್ರಿಗಳು, ಉಪದೇಶಿಗಳು, ಹಿರಿಯರು, ಶಾಲೆ ಮೇಷ್ಟ್ರುಗಳು. ಸಂಡೇ ಸ್ಕೂಲ್ ಕ್ವಿಜ್ಜಲ್ಲಿ ಇದರ ಬಗ್ಗೆ ಒಂದೇ ಒಂದು ಪ್ರಶ್ನೆ ಬಂದದ್ದು ನಾನು ನೋಡಿಲ್ಲ. ಮುಂದಿನದ್ದು ಬೇಗ ಹೇಳಿ ಮುಗಿಸ್ತೇನೆ, 1923ರಲ್ಲಿ ಡಾಕ್ಟರ್ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದ್ರು (ಕೊನೆಗೂ ಒಂದು ಹೆಂಗಸು!), 1947ರಲ್ಲಿ ಸಿಎಸ್‌ಐ ಹುಟ್ಟಿತು, ಆಮೇಲೆ ನಾವೂ ಅದರ ಒಳಗೆ ಬಂದೆವು, 1970ರಲ್ಲಿ ಮೈಸೂರು ಡಯಾಸಿಸ್ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಮೂರು ಭಾಗ ಆಗಿ ನಮ್ಮದು ದಕ್ಷಿಣ ಡಯಾಸಿಸ್ ಆಯ್ತು.

ಬುಧವಾರದ ಗಡುವು ಮೀರಿತು ಅಂತ ಬೇರೆ ಹೇಳ್ಬೇಕಾಗಿಲ್ಲ. ಚಿಕ್ಕಮ್ಮನ ಸಿಟ್ಟು ಇಳಿದ ಮೇಲೆ ನಾನು ಊರಿಗೇ ಹೋಗಿ ಸಭೆಯ ಹಳೇ ರಿಜಿಸ್ಟರ್ ನೋಡಿದೆ. ಸಭಾಪಾಲಕರು ಕಪಾಟಿನಿಂದ ತೆಗೆದು ಕೊಡುವಾಗ "ಪುಟ ಮೆಲ್ಲ ತಿರುಗಿಸಿ ಆಯ್ತಾ, ಬಿಸ್ಕೂಟಿನ ಹಾಗೆ ಆಗಿದೆ" ಅಂದ್ರು, ಹಾಗೇ ಆಗಿತ್ತು. ಕಂದುಬಣ್ಣದ ಶಾಯಿ, ಓರೆ ಅಕ್ಷರ, ಮೊದಲಿನ ಹೆಸರು ಒಂದು ಕಡೆ, ದೀಕ್ಷಾಸ್ನಾನದ ಹೆಸರು ಇನ್ನೊಂದು ಕಡೆ. ನಮ್ಮ ಮನೆತನದ ಮೊದಲನೆಯವರು ಸಿಕ್ಕಿದ್ರು, ಗಂಡಸಲ್ಲ, ಹೆಂಗಸು. ಎರಡು ಮಕ್ಕಳನ್ನ ಕಟ್ಟಿಕೊಂಡು ಬಂದವಳು. ಗಂಡನ ಹೆಸರಿರಬೇಕಾದ ಜಾಗದಲ್ಲಿ ಒಂದು ಗೀಟು. ಅಷ್ಟೇ, ಒಂದೂವರೆ ಸಾಲು. ದೊಡ್ಡಪ್ಪ ಇಷ್ಟು ವರ್ಷ ನಮ್ಮ ಮುತ್ತಜ್ಜನ ಅಪ್ಪ ಯಾರೋ ದೊಡ್ಡ ಪಟೇಲರಾಗಿದ್ರು, ಸತ್ಯ ಹುಡುಕಿಕೊಂಡು ಬಂದ್ರು ಅಂತ ಹೇಳಿಕೊಂಡು ಬಂದ ಕಥೆ ಅಲ್ಲಿಗೆ ಮುಗಿಯಿತು. ನಾನು ಮೊಬೈಲಲ್ಲಿ ಫೋಟೋ ತೆಗೆದುಕೊಂಡೆ, ದೊಡ್ಡಪ್ಪನಿಗೆ ಇನ್ನೂ ತೋರಿಸಿಲ್ಲ.

ಹೊಸದಾಗಿ ಬರೆದದ್ದು ಐದು ಪೇಜ್ ಆಯ್ತು. ಕಮಿಟಿಯವರು ಎರಡಕ್ಕೆ ಇಳಿಸಿ ಅಂದ್ರು, ಕೊನೆಗೆ ಹೋರಾಡಿ ಮೂರಕ್ಕೆ ನಿಂತಿತು. ಮೋಗ್ಲಿಂಗ್ ಇದ್ದಾನೆ, ಕಿಟೆಲ್‌ಗೆ ಒಂದೇ ಸಾಲು (ಅವನ ಮೂರ್ತಿ ಬೆಂಗಳೂರಲ್ಲೇ ಉಂಟಲ್ಲ, ಬೇಕಾದವರು ಹೋಗಿ ನೋಡ್ಲಿ), ಖಾಕಿಗೆ ಅರ್ಧ ಸಾಲು. ಫೋಟೋ ಯಾವುದು ಹಾಕುವುದು ಅಂತ ಮತ್ತೆ ಚರ್ಚೆ. ಚಿಕ್ಕಮ್ಮ ಗಡ್ಡದ ದೊರೆಗಳ ಗ್ರೂಪ್ ಫೋಟೋ ಒಂದನ್ನ ಸಿದ್ಧ ಮಾಡಿ ಇಟ್ಟಿದ್ರು. ಬಾಸೆಲ್‌ನವರ ಆರ್ಕೈವಿನ ಹಳೇ ಫೋಟೋಗಳು ಈಗ ಆನ್‌ಲೈನ್ ಸಿಗ್ತವೆ, ಅದರಲ್ಲಿ ಹುಡುಕಿ ಹೆಂಚಿನ ಕಾರ್ಖಾನೆಯ ಹೆಂಗಸರು ಸಾಲಾಗಿ ನಿಂತದ್ದೊಂದನ್ನ ವಾಟ್ಸಾಪಿಗೆ ಕಳಿಸಿದೆ. ಕೆಳಗೆ ಯಾರ ಹೆಸರೂ ಇಲ್ಲ. ನೀಲಿ ಟಿಕ್ ಬಂತು, ಹತ್ತು ನಿಮಿಷ ಉತ್ತರ ಇಲ್ಲ. ಬೈಗುಳ ಬರ್ತದೆ ಅಂತ ಕಾಯ್ತಾ ಕೂತೆ.

ಬಂದದ್ದು ವಾಯ್ಸ್ ಮೆಸೇಜ್. ಹಿಂದೆ ಕುಕ್ಕರ್ ಕೂಗ್ತಾ ಉಂಟು, ಚಿಕ್ಕಮ್ಮನ ಸ್ವರ ಮಾತ್ರ ಸಣ್ಣ. "ಹೆಣ್ಣೇ, ಎಡದಿಂದ ಮೂರನೆಯವಳನ್ನ ದೊಡ್ಡದು ಮಾಡಿ ನೋಡಿದ್ಯಾ? ಮೂಗು ನೋಡು ಅವಳದ್ದು."